ಗೆದ್ದ ಮರುದಿನದ ಲೆಕ್ಕ

ನಮ್ಮ ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆ ಹಿಂದಿನವರಿಗೆ ವಯಸ್ಸೆಷ್ಟು ಎಂದು ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. ‘ಪೊಲೀಸ್ ಆಕ್ಷನ್ ಆದಾಗ ನಾ ದನ ಕಾಯೋ ಹುಡುಗ ಇದ್ದೆ’ ಎನ್ನುತ್ತಿದ್ದರು. ‘ನಿಮ್ಮಪ್ಪ ಪೊಲೀಸ್ ಆಕ್ಷನ್ ಆದ ಮರುವರ್ಷ ಹುಟ್ಟಿದಾಂವ’ ಎಂದು ನಮ್ಮ ಆಯಿ ಹೇಳುತ್ತಿದ್ದಳು. ಬರಗಾಲ, ಪ್ಲೇಗುಗಳಂತೆ ಅದೂ ಕಾಲ ಅಳೆಯುವ ಒಂದು ಗಡಿಕಲ್ಲು. ಆದರೆ ಬರಗಾಲದ ಬಗ್ಗೆ ಎಷ್ಟು ಕೇಳಿದರೂ ಹೇಳುತ್ತಿದ್ದ ಹಿರಿಯರು ಇದರ ಬಗ್ಗೆ ಅರ್ಧ ಮಾತ್ರ ಹೇಳಿ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕುತ್ತಿದ್ದರು. ಉಳಿದರ್ಧ ಏನೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ನಾನು ಇಪ್ಪತ್ತೆಂಟು ವರ್ಷ ವಾಡಿ-ಶಹಾಬಾದ್ ಭಾಗದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವನು. ಸೆಪ್ಟೆಂಬರ್ 17 ಬಂತೆಂದರೆ ನಮ್ಮಲ್ಲಿ ಧ್ವಜಾರೋಹಣ. ಒಮ್ಮೆ ಧ್ವಜ ಹಾರಿಸಿ ತರಗತಿಗೆ ಬಂದಾಗ ಎಂಟನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, ‘ಸರ್, ಅವತ್ತು ಬಂದಿದ್ದು ಪೊಲೀಸರೋ, ಮಿಲ್ಟ್ರಿಯೋ?’ ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಬಂದದ್ದು ಸೈನ್ಯವೇ. ಟ್ಯಾಂಕುಗಳು ಬಂದವು, ವಿಮಾನಗಳು ಹಾರಿದವು. ಮುಂದೆ ನಿಂತು ನಡೆಸಿದವರು ಮೇಜರ್ ಜನರಲ್ ಜೆ. ಎನ್. ಚೌಧುರಿ. ಮತ್ತೆ ಅದಕ್ಕೆ ‘ಪೊಲೀಸ್’ ಎಂಬ ಹೆಸರೇಕೆ?

ಯುದ್ಧ ಎಂದರೆ ಎರಡು ದೇಶಗಳ ನಡುವೆ ಆಗುವಂಥದ್ದು. ಹೈದರಾಬಾದ್ ಬೇರೆ ದೇಶವಲ್ಲ, ಭಾರತದ ಹೊಟ್ಟೆಯೊಳಗಿನ ಸಂಸ್ಥಾನ, ಅಲ್ಲಿ ಶಾಂತಿ ಕಾಪಾಡುವುದು ಮನೆಯೊಳಗಿನ ಕೆಲಸ ಎಂಬುದು ದಿಲ್ಲಿಯ ನಿಲುವು. ನಾವು ಸ್ವತಂತ್ರರು, ನಮ್ಮ ಮೇಲೆ ದಾಳಿಯಾಗುತ್ತಿದೆ ಎಂಬುದು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಸರ್ಕಾರದ ನಿಲುವು. 1948ರ ಆಗಸ್ಟ್‌ನಲ್ಲಿ ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರನ್ನೂ ಕೊಟ್ಟಿತ್ತು. ಈ ವಾದದಲ್ಲಿ ಯಾರು ಸರಿ ಎಂದು ಕಾನೂನು ಬಲ್ಲವರು ದಿನಗಟ್ಟಲೆ ವಾದಿಸಬಹುದು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಕಾರಣ ನ್ಯಾಯವಾದದ್ದೇ ಇರಲಿ, ಸೈನ್ಯ ಕಳಿಸಿ ಒಂದು ನಾಡನ್ನು ಗೆದ್ದ ಮೇಲೆ, ಗೆದ್ದ ಮರುದಿನ ಬೆಳಿಗ್ಗೆ, ಆ ನಾಡಿನ ಜನರಿಗೆ ಗೆದ್ದವನು ಏನು ಬಾಕಿ ಇರುತ್ತಾನೆ?

ಮೊದಲು, ಕಾರ್ಯಾಚರಣೆ ಯಾಕೆ ಬೇಕಾಯಿತು ಎಂಬುದನ್ನು ಮರೆಯಬಾರದು. ಹೈದರಾಬಾದ್ ಸಣ್ಣ ಸಂಸ್ಥಾನವಲ್ಲ. ಸುಮಾರು 82 ಸಾವಿರ ಚದರ ಮೈಲಿ, 16 ಜಿಲ್ಲೆ, ಒಂದೂವರೆ ಕೋಟಿಗೂ ಮಿಕ್ಕಿದ ಜನ. ಕನ್ನಡದ ಪಾಲಿಗೆ ಗುಲಬರ್ಗಾ, ರಾಯಚೂರು, ಬೀದರ್ ಎಂಬ ಮೂರು ಜಿಲ್ಲೆ. ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಿಂದೂಗಳು, ಆಳುವ ಮನೆತನ ಮುಸ್ಲಿಮರದು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಿಜಾಮ್ ಸೇರಲಿಲ್ಲ. 1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಅವಧಿಯಲ್ಲೇ ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿದರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಅವರು ನಡೆಸಿದ ಕೊಲೆಯಲ್ಲಿ ಸತ್ತವರು ಸುಮಾರು ಇನ್ನೂರು ಜನ ಎನ್ನುತ್ತಾರೆ. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರ, ವಿಜಾಪುರದ ಗಡಿ ದಾಟಿದವು. ನಮ್ಮ ಮುತ್ಯಾ ಬಿತ್ತಿದ ಜೋಳ ಬಿಟ್ಟು, ಎರಡು ಎತ್ತು ಮಾತ್ರ ಹೊಡಕೊಂಡು ಹೋಗಿದ್ದನಂತೆ.

ರಜಾಕಾರರ ಕತ್ತಿ ಹಿಂದೂಗಳ ಮೇಲೆ ಮಾತ್ರ ಬೀಳಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಹೈದರಾಬಾದಿನ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಧೈರ್ಯವಾಗಿ ಬರೆದವರು. 1948ರ ಆಗಸ್ಟ್‌ನಲ್ಲಿ ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಕೊಂದರು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಸೊಲ್ಲಾಪುರದ ಕಡೆಯಿಂದ ಸೈನ್ಯ ಹೊರಟಿತು. 17ರ ಸಂಜೆಗೆ ನಿಜಾಮ್ ಸೋಲೊಪ್ಪಿದ. 18ರಂದು ಅವನ ಸೇನಾಪತಿ ಎಲ್ ಎದ್ರೂಸ್ ಶರಣಾಗತನಾದ. ಐದು ದಿನದ ಕೆಲಸ. ನಮ್ಮ ಊರುಗಳಲ್ಲಿ ಜನ ಗುಲಾಲು ಎರಚಿ ಕುಣಿದರು. ಆ ಸಂತೋಷ ಸುಳ್ಳಲ್ಲ. ಅದು ನಿಜವಾದ ವಿಮೋಚನೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಹಿರಿಯರು ಹೇಳದೆ ಬಿಟ್ಟ ಅರ್ಧ ಶುರುವಾಗುವುದು ಇಲ್ಲಿಂದ.

ಕಾರ್ಯಾಚರಣೆ ನಡೆದಾಗ ಮತ್ತು ಮುಗಿದ ಮೇಲೆ ಊರುಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡ ಸುದ್ದಿ ದಿಲ್ಲಿ ಮುಟ್ಟಿತು. ಪ್ರಧಾನಿ ನೆಹರೂ ಪಂಡಿತ್ ಸುಂದರಲಾಲ್ ಅವರನ್ನು ಕಳಿಸಿದರು. ಜೊತೆಗೆ ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು 16ರಲ್ಲಿ 9 ಜಿಲ್ಲೆ ಸುತ್ತಿದರು. ಜಿಲ್ಲಾ ಕೇಂದ್ರಗಳಷ್ಟೇ ಅಲ್ಲ, ಪೇಟೆಗಳನ್ನೂ ಹಳ್ಳಿಗಳನ್ನೂ ನೋಡಿದರು. ತಾವು ಹೋಗಲಾಗದ ನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನು ಕರೆಸಿ ಕೇಳಿದರು. ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಎಂದು ಅಂದಾಜು ಕಟ್ಟಿದರು. ಅತಿ ಹೆಚ್ಚು ಹಾನಿಯಾದದ್ದು ನಾಲ್ಕು ಜಿಲ್ಲೆಗಳಲ್ಲಿ: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆಗ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲವೂ ಗುಲಬರ್ಗಾ ಜಿಲ್ಲೆಯವೇ.

ಈ ಅಂದಾಜನ್ನು ಒಪ್ಪದವರೂ ಇದ್ದಾರೆ. ಆದರೆ ವರದಿಯನ್ನು ಬರೆದವರು ಒಂದೇ ಕಣ್ಣಿನಿಂದ ನೋಡಿದವರಲ್ಲ. ರಜಾಕಾರರ ಕ್ರೌರ್ಯವೇ ಈ ಸೇಡಿನ ಬೇರು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಕೆಲವೆಡೆ ಸೈನಿಕರೇ ಲೂಟಿಗೆ ಕುಮ್ಮಕ್ಕು ಕೊಟ್ಟದ್ದನ್ನೂ, ಕೊಲೆಯಲ್ಲಿ ಕೈ ಹಾಕಿದ್ದನ್ನೂ ಬರೆದರು. ಬೇರೆ ಅನೇಕ ಕಡೆ ಅದೇ ಸೈನ್ಯ ಮುಸ್ಲಿಮರನ್ನು ಕಾಪಾಡಿತು ಎಂಬುದನ್ನೂ ಬರೆದರು. ಜೀವದ ಹಂಗು ತೊರೆದು ನೆರೆಮನೆಯವರನ್ನು ಉಳಿಸಿದ ಹಿಂದೂಗಳ ಬಗ್ಗೆ, ಮುಖ್ಯವಾಗಿ ತಮ್ಮ ಜೊತೆಯ ಮುಸ್ಲಿಂ ನೇಕಾರರಿಗಾಗಿ ಪ್ರಾಣ ಕೊಟ್ಟ ಹಿಂದೂ ನೇಕಾರರ ಬಗ್ಗೆಯೂ ಬರೆದರು.

ಆ ವರದಿ ಕಪಾಟು ಸೇರಿತು. ಸರ್ಕಾರ ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಷ್ಟರಲ್ಲಿ ಅರವತ್ತೈದು ವರ್ಷ ಕಳೆದಿತ್ತು. ಸಾಕ್ಷಿ ಹೇಳಿದವರಲ್ಲಿ ಬಹುಪಾಲು ಜನ ಮಣ್ಣಾಗಿದ್ದರು.

ನಮ್ಮ ಆಯಿಯ ಊರು ಚಿಂಚೋಳಿ ಕಡೆಯ ಹಳ್ಳಿ. ಅಲ್ಲಿ ಪಕ್ಕದ ಮನೆ ಪಿಂಜಾರರದು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಗದ್ದಲದ ಮೂರು ದಿನ ಆ ಮನೆಯ ಹೆಂಗಸನ್ನೂ ಇಬ್ಬರು ಮಕ್ಕಳನ್ನೂ ಆಯಿಯ ತವರಿನವರು ಹಗೇವಿನಲ್ಲಿ ಇಳಿಸಿ, ಮೇಲೆ ಹಲಗೆ ಮುಚ್ಚಿ, ಕಣಕಿ ಹರವಿದ್ದರು. ಮನೆಯ ಗಂಡಸು ಉಳಿಯಲಿಲ್ಲ. ಆತ ರಜಾಕಾರನಾಗಿದ್ದನೇ ಎಂದು ನಾನು ಕೇಳಿದ್ದೆ. ಆಯಿ ನನ್ನನ್ನು ನೋಡಿ, ‘ಅಂವಗ ಬಿಲ್ಲು ಹಿಡಿದು ಹತ್ತಿ ಬಡಿಯೋದು ಬಿಟ್ಟರ ಮತ್ತೇನೂ ಬರತಿರಲಿಲ್ಲಪ್ಪ’ ಎಂದಳು. ಆಮೇಲೆ ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋದಳು. ಹೊಲ ಯಾರ ಹೆಸರಿಗೆ ಹೋಯಿತು ಎಂದು ಆಯಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಖಾಸಿಂ ರಜ್ವಿಯ ಪಾಪಕ್ಕೆ ಪಿಂಜಾರ ಯಾಕೆ ಸಾಯಬೇಕು? ಗೋರ್ಟಾದ ಲೆಕ್ಕವನ್ನು ಚಿಂಚೋಳಿಯಲ್ಲಿ ಯಾಕೆ ಚುಕ್ತಾ ಮಾಡಬೇಕು? ರಜ್ವಿಗೆ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಜೈಲುಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಮುಖ್ಯ ಆರೋಪಿಗೆ ವಕೀಲ ಸಿಕ್ಕ, ನ್ಯಾಯಾಧೀಶ ಸಿಕ್ಕ. ಹತ್ತಿ ಹಿಂಜುವವನಿಗೆ ಎರಡೂ ಸಿಗಲಿಲ್ಲ. ನಿಜಾಮನಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು, ರಾಜಪ್ರಮುಖ ಎಂಬ ಪದವಿಯೂ ಬಂತು. ಅರಸನ ಜೊತೆಗಿನ ಲೆಕ್ಕ ಕಾಗದದ ಮೇಲೆ ಚೊಕ್ಕವಾಯಿತು. ಊರೊಳಗಿನ ಲೆಕ್ಕ ಹಗೇವಿನಲ್ಲೇ ಉಳಿಯಿತು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಪೊಲೀಸರೋ, ಮಿಲ್ಟ್ರಿಯೋ? ‘ಅದು ದಂಡಯಾತ್ರೆಯಲ್ಲ, ಪೊಲೀಸ್ ಕಾರ್ಯಾಚರಣೆ’ ಎಂದರೆ ಹೊಣೆ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿಯುತ್ತಾರೆ. ನನಗನಿಸುವುದು ಇದರ ತಿರುವುಮುರುವು. ಪರದೇಶದ ಮೇಲೆ ಹೋದ ಸೈನ್ಯಕ್ಕೆ ಎದುರಿರುವವರು ಪರಕೀಯರು. ಪೊಲೀಸರ ಕೆಲಸವೋ, ತಮ್ಮದೇ ಜನರನ್ನು ಕಾಯುವುದು. ಹೈದರಾಬಾದಿನವರೆಲ್ಲ ನಮ್ಮವರೇ ಎಂದು ಹೇಳಿಕೊಂಡು ಒಳಗೆ ಬಂದ ಮೇಲೆ ಆ ‘ಎಲ್ಲ’ದಲ್ಲಿ ಪಿಂಜಾರನೂ ಇದ್ದ. ಹೆಸರು ಎಷ್ಟು ಮೆತ್ತಗಿತ್ತೋ ಹೊಣೆ ಅಷ್ಟೇ ಭಾರವಾಗಿತ್ತು.

ಇಂಥ ಹೊಣೆಯ ಮಾತು ಹೊಸದಲ್ಲ. ಅದರ ಒಂದು ಹಳೆಯ ದಾಖಲೆ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ. ಭೀಮಾ ದಂಡೆಯ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಹೋದವರು ಬಹಳ. 1980ರ ದಶಕದಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿ ಬಳಸಿದ್ದ ಹಾಸುಗಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳಿದ್ದವು. ಓದಿದಾಗ ತಿಳಿಯಿತು, ಅದು ಅಶೋಕನ ಶಾಸನ. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪವೂ ಆಮೇಲೆ ಸಿಕ್ಕಿತು.

ಅಶೋಕ ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂದು ಅವನೇ 13ನೆಯ ಬಂಡೆಗಲ್ಲು ಶಾಸನದಲ್ಲಿ ಹೇಳಿಕೊಂಡ. ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಕಳಿಂಗದಲ್ಲೇ, ಅಂದರೆ ಈಗಿನ ಒಡಿಶಾದ ಧೌಳಿ ಮತ್ತು ಜೌಗಡದಲ್ಲಿ, ಆ ಪಶ್ಚಾತ್ತಾಪದ ಶಾಸನವಿಲ್ಲ. ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಆ ಎರಡು ಕಳಿಂಗ ಬಿಟ್ಟರೆ ಸಿಕ್ಕದ್ದು ನಮ್ಮ ಸನ್ನತಿಯಲ್ಲಿ. ಕಲ್ಲಿನ ಒಂದು ಮುಖದಲ್ಲಿ 12 ಮತ್ತು 14ನೆಯ ಶಾಸನಗಳ ಭಾಗ, ಇನ್ನೊಂದು ಮುಖದಲ್ಲಿ ಈ ಪ್ರತ್ಯೇಕ ಶಾಸನಗಳು.

ಅವುಗಳಲ್ಲಿ ಇರುವುದು ಕಣ್ಣೀರಲ್ಲ, ಅಧಿಕಾರಿಗಳಿಗೆ ಆಜ್ಞೆ. ಜನರೆಲ್ಲ ತನ್ನ ಮಕ್ಕಳಿದ್ದಂತೆ ಎಂದು ಅರಸ ಹೇಳುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು ಎನ್ನುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ, ದಣಿವು ಇವುಗಳಿಂದ ನ್ಯಾಯ ಕೆಡುತ್ತದೆ ಎಂದು ಎಚ್ಚರಿಸುತ್ತಾನೆ. ಇದು ನಡೆಯುತ್ತಿದೆಯೋ ಇಲ್ಲವೋ ನೋಡಲು ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ಕಳಿಸುವೆನೆನ್ನುತ್ತಾನೆ. ಶಾಸನವನ್ನು ಜನರಿಗೆ ಆಗಾಗ ಓದಿ ಹೇಳಬೇಕೆಂದು ಕಟ್ಟಳೆ ಮಾಡುತ್ತಾನೆ. ಎರಡನೆಯದರಲ್ಲಿ, ಗಡಿಯಾಚೆಯವರು ತನಗೆ ಹೆದರಬೇಕಾಗಿಲ್ಲ, ನಂಬಬಹುದು ಎಂಬ ಮಾತಿದೆ. ಇನ್ನು 12ನೆಯದು, ತನ್ನ ಮತವನ್ನು ಹೊಗಳಲು ಇನ್ನೊಬ್ಬರ ಮತವನ್ನು ಹಳಿಯಬಾರದು ಎಂಬುದು.

ಗೆದ್ದವನು ‘ತಪ್ಪಾಯಿತು’ ಎಂದರೆ ಸಾಲದು. ಸೋತವರ ಊರಿನ ಕಚೇರಿಯಲ್ಲಿ ಯಾವ ಅಧಿಕಾರಿ ಕೂತಿದ್ದಾನೆ, ಅವನು ಸಿಟ್ಟಿನಿಂದ ತೀರ್ಪು ಕೊಡುತ್ತಾನೋ ವಿಚಾರ ಮಾಡಿ ಕೊಡುತ್ತಾನೋ, ಅವನ ಮೇಲೆ ಕಣ್ಣಿಟ್ಟವರು ಯಾರು ಎಂಬುದೇ ಮುಖ್ಯ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ತಿಳಿವಳಿಕೆ ದೇವಿಯ ಪಾದದ ಕೆಳಗೆ ನೂರಾರು ವರ್ಷ ಮುಚ್ಚಿಹೋಗಿತ್ತು. ಸುಂದರಲಾಲರ ವರದಿಗೂ ಇಂಥದೇ ಗತಿಯಾಯಿತು ಎನಿಸುತ್ತದೆ.

ನಾವು ಇತಿಹಾಸ ಹೇಳುವ ರೀತಿಯಲ್ಲೂ ಒಂದು ಚಾಳಿ ಇದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಹೊರಟ ನಮ್ಮ ಅರಸರು ಉತ್ತರಕ್ಕೂ ದಕ್ಷಿಣಕ್ಕೂ ಹೋಗಿ ಊರು ಗೆದ್ದರೆ ಪುಸ್ತಕದಲ್ಲಿ ಅದು ‘ದಿಗ್ವಿಜಯ’. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಅದೇ ಮಾನ್ಯಖೇಟವನ್ನು ಸೂರೆ ಮಾಡಿದರೆ ಅದು ‘ದಾಳಿ’. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆ ನೋಡುತ್ತ ನಿಂತಾಗ ನನಗೆ ಅನಿಸುತ್ತದೆ: ದಿಗ್ವಿಜಯಕ್ಕೆ ಹೋದ ಕಡೆಯೂ ಯಾರದೋ ಕಾಗಿಣಾ ಇತ್ತು, ಯಾರದೋ ಹಗೇವು ಇತ್ತು.

ಹೊರಗಿನ ಜಗತ್ತು ಇದನ್ನು ನಿಧಾನವಾಗಿ ಕಲಿಯಿತು. ನಮ್ಮ ಪೊಲೀಸ್ ಕಾರ್ಯಾಚರಣೆಯಾಗಿ ವರ್ಷ ತುಂಬುವ ಮೊದಲೇ, 1949ರ ಆಗಸ್ಟ್ 12ರಂದು, ನಾಲ್ಕನೆಯ ಜಿನೀವಾ ಒಪ್ಪಂದವಾಯಿತು. ನಾಡನ್ನು ವಶಪಡಿಸಿಕೊಂಡ ಸೈನ್ಯ ಅಲ್ಲಿಯ ಜನರಿಗೆ ಅನ್ನ, ಔಷಧ ಸಿಗುವಂತೆ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ತಾನು ಮಾಡದ ತಪ್ಪಿಗೆ ಯಾರಿಗೂ ಶಿಕ್ಷೆಯಾಗಬಾರದು, ಸಾಮೂಹಿಕ ಶಿಕ್ಷೆ ಮತ್ತು ಲೂಟಿ ಸಲ್ಲದು ಎನ್ನುತ್ತದೆ. ಬರೆದದ್ದೆಲ್ಲ ನಡೆಯುತ್ತದೆ ಎಂದಲ್ಲ. 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿ ಬಾಗ್ದಾದ್ ಹಿಡಿದಾಗ ಅಲ್ಲಿಯ ವಸ್ತುಸಂಗ್ರಹಾಲಯ ಹಾಡಹಗಲೇ ಲೂಟಿಯಾಯಿತು. ಕಾರಣವಾಗಿ ಹೇಳಿದ ಮಹಾವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಒಳ್ಳೆಯ ಉದಾಹರಣೆಗಳೂ ಇವೆ. 1971ರಲ್ಲಿ ಢಾಕಾ ಗೆದ್ದ ನಮ್ಮ ಸೈನ್ಯ ಮರುವರ್ಷ ಮಾರ್ಚ್‌ನಲ್ಲಿ ಬಾಂಗ್ಲಾದೇಶವನ್ನು ಬಿಟ್ಟು ಬಂತು. 1970ರ ಡಿಸೆಂಬರ್‌ನಲ್ಲಿ ಜರ್ಮನಿಯ ಮುಖ್ಯಸ್ಥ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ, ಸತ್ತ ಯಹೂದಿಗಳ ಸ್ಮಾರಕದ ಮುಂದೆ ಮೊಣಕಾಲೂರಿದರು. ಸ್ವತಃ ನಾಜಿಗಳ ವಿರುದ್ಧ ನಿಂತಿದ್ದ ಮನುಷ್ಯ ಆತ. ತಾನು ಮಾಡದ ಪಾಪಕ್ಕೆ ದೇಶದ ಪರವಾಗಿ ತಲೆಬಾಗಿದ್ದರಿಂದ ಜರ್ಮನಿ ಸಣ್ಣದಾಗಲಿಲ್ಲ.

ಹಾಗಾದರೆ ನಮ್ಮ ದೇಶ ನಮ್ಮ ಭಾಗಕ್ಕೆ ಏನೂ ಮಾಡಲಿಲ್ಲವೇ? ಹಾಗೆಂದರೆ ಅನ್ಯಾಯದ ಮಾತಾಗುತ್ತದೆ. 1949ರಲ್ಲಿ ಜಾಗೀರುಗಳು ರದ್ದಾದವು. ಮರುವರ್ಷ ಗೇಣಿದಾರರ ಕಾನೂನು ಬಂತು. 1952ರಲ್ಲಿ ಜನ ಮೊದಲ ಸಲ ಮತ ಹಾಕಿ ಸರ್ಕಾರ ಆರಿಸಿದರು. 1956ರ ನವೆಂಬರ್ 1ರಂದು ನಾವು ಕನ್ನಡದ ಮನೆ ಸೇರಿದೆವು. ಆದರೆ ಸೇರಿಸಿಕೊಳ್ಳುವುದು ಒಂದು ದಿನದ ಕೆಲಸ, ಸರಿಸಮ ಮಾಡುವುದು ತಲೆಮಾರುಗಳ ಕೆಲಸ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಅದರಲ್ಲಿ 21 ಗುಲಬರ್ಗಾ ವಿಭಾಗದವು. ಸಂವಿಧಾನದ 371(ಜೆ) ವಿಧಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2012ರ ಡಿಸೆಂಬರ್‌ನಲ್ಲಿ, ಅಂದರೆ ವಿಮೋಚನೆಯಾಗಿ ಅರವತ್ತನಾಲ್ಕು ವರ್ಷದ ಮೇಲೆ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂತು. ಹೆಸರು ಬದಲಾಯಿಸುವುದು ಸುಲಭ. ನಮ್ಮ ಮಕ್ಕಳು ಈಗಲೂ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗುವ ಬಸ್ಸು ಹತ್ತುತ್ತಲೇ ಇದ್ದಾರೆ.

ಅನ್ನ, ನೀರು, ಶಾಲೆಯ ಬಾಕಿ ಹೀಗೆ ತಡವಾಗಿಯಾದರೂ ತೀರಬಹುದು. ಸತ್ಯದ ಬಾಕಿಯೇ ಕಷ್ಟ.

‘ಆದದ್ದು ಆಗಿಹೋಯಿತು, ಹಳೆಯ ಗಾಯ ಯಾಕೆ ಕೆರೆಯುತ್ತೀರಿ?’ ಎಂದು ಪಾಲಕರು ಕೇಳುವುದುಂಟು. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಊರಲ್ಲಿ ಈಗ ಹಬ್ಬ, ಉರುಸು, ಮೊಹರಂ ಕೂಡಿ ನಡೆಯುತ್ತವೆ. ಫರಸಿ ಖಣಿಯಲ್ಲಿ, ಸಿಮೆಂಟು ಕಾರ್ಖಾನೆಯಲ್ಲಿ ಎಲ್ಲರೂ ಒಂದೇ ಧೂಳು ಕುಡಿಯುತ್ತಾರೆ. ಅದಕ್ಕೆ ಕಡ್ಡಿ ಗೀರುವುದು ಬೇಡ. ಆದರೆ ಶಹಾಬಾದಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: ‘ಸರ್, ನಮ್ಮ ಅಜ್ಜಿಯ ಅಪ್ಪನ ಹೆಸರು ಯಾವ ಪುಸ್ತಕದಾಗೂ ಇಲ್ಲ. ಅವರು ರಜಾಕಾರ ಅಲ್ಲರೀ. ಅವರು ವೈರಿ ಅಂತ ಲೆಕ್ಕಾನೋ, ನಮ್ಮವರು ಅಂತ ಲೆಕ್ಕಾನೋ?’ ಈ ಪ್ರಶ್ನೆ ಹೊತ್ತು ಅವಳು ಪ್ರತಿ ಸೆಪ್ಟೆಂಬರ್ 17ರಂದು ಧ್ವಜಕ್ಕೆ ವಂದನೆ ಮಾಡುತ್ತಿದ್ದಳು. ಗಾಯ ಕೆರೆಯುವವರು ನಾವಲ್ಲ. ಅದು ಅವಳೊಳಗೆ ಇದ್ದೇ ಇದೆ. ‘ನಮ್ಮವರೇ, ಅವರನ್ನು ಕಾಯಬೇಕಿತ್ತು, ಆಗಲಿಲ್ಲ’ ಎಂದೆ. ಅವಳು ಏನೂ ಅನ್ನಲಿಲ್ಲ, ತಲೆಯಾಡಿಸಿ ಕೂತಳು. ಆ ಮಾತನ್ನು ಒಬ್ಬ ಮಾಸ್ತರ ಹೇಳಿದರೆ ಸಾಲದು, ದೇಶ ಹೇಳಬೇಕು ಎಂದು ನನಗೆ ಆಗ ಅನಿಸಿತು.

ಇನ್ನು ಕೆಲವರ ಮಾತು: ‘ಮೊದಲು ಶುರು ಮಾಡಿದವರು ಯಾರು?’ ರಜಾಕಾರರೇ, ಸಂಶಯವಿಲ್ಲ. ಗೋರ್ಟಾದ ನೆನಪಿಗೆ ಇಂದು ಸ್ಮಾರಕವಿದೆ, ಇರಬೇಕಾದದ್ದೇ. ಆದರೆ ಗೋರ್ಟಾಕ್ಕಾಗಿ ಅತ್ತ ಕಣ್ಣು ಪಿಂಜಾರನಿಗಾಗಿಯೂ ಅಳಬಹುದು. ಒಂದು ದುಃಖವನ್ನು ಇನ್ನೊಂದರಿಂದ ಕಳೆಯಲು ಅದೇನು ಕಿರಾಣಿ ಅಂಗಡಿಯ ಉದ್ರಿ ಖಾತೆಯಲ್ಲ. ರಜಾಕಾರರು ಮಾಡಿದ್ದನ್ನೇ ನಾವೂ ಮಾಡಬಹುದು ಎಂದಾದರೆ, ಅವರಿಂದ ಬಿಡುಗಡೆ ಪಡೆದದ್ದು ಯಾಕೆ?

ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಆ ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಇನ್ನು ಉಳಿದವರು ತೀರ ಕೆಲವರು. ಎಂಬತ್ತು ದಾಟಿದ ಮುತ್ಯಾ, ಆಯಿ, ದಾದಾ, ನಾನಿ ನಿಮ್ಮ ಓಣಿಯಲ್ಲಿದ್ದರೆ ಹೋಗಿ ಹತ್ತಿರ ಕೂಡಿರಿ. ಸೊಲ್ಲಾಪುರಕ್ಕೆ ಓಡಿದವರನ್ನೂ ಕೇಳಿರಿ, ಹೈದರಾಬಾದಿಗೆ ಓಡಿದವರನ್ನೂ ಕೇಳಿರಿ. ನಡುವೆ ಬಾಯಿ ಹಾಕದೆ, ಹೇಳಿದ್ದನ್ನು ಹೇಳಿದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಪಾಲಕರು ಒಂದು ರವಿವಾರ ಮಕ್ಕಳನ್ನು ಸನ್ನತಿಗೆ ಕರೆದುಕೊಂಡು ಹೋಗಲಿ. ದೇವಿಗೆ ಕಾಯಿ ಒಡೆಸಿ, ಆಮೇಲೆ ಕನಗನಹಳ್ಳಿಗೂ ಹೋಗಿ, ಆ ಕಲ್ಲಿನಲ್ಲಿ ಅರಸ ತನ್ನ ಅಧಿಕಾರಿಗಳಿಗೆ ಏನು ಹೇಳಿದ್ದ ಎಂದು ತಿಳಿಸಿ ಹೇಳಲಿ. ಮುಂದೆ ತಹಶೀಲ್ದಾರರು, ಫೌಜುದಾರರು, ಸೈನಿಕರು, ಮಂತ್ರಿಗಳು ಆಗುವವರು ಇದೇ ಮಕ್ಕಳು. ಸೋತವನೊಬ್ಬ ಎದುರು ನಿಂತಾಗ ಅವನ ಹೆಸರು, ಜಾತಿ ಕೇಳುವ ಮೊದಲು ಅವನು ಏನು ಮಾಡಿದ್ದಾನೆ ಎಂದು ಕೇಳುವ ಅಭ್ಯಾಸ ಅವರಿಗೆ ಈಗಲೇ ಆಗಬೇಕು.